ಎಂಟು ಹೆಸರು, ಏಳು ಸಾಲು

ಆ ರಕ್ತನಿಧಿಯ ಫೋನು ದಿನಕ್ಕೆ ಅರವತ್ತು ಸಲ ಹೊಡೆದುಕೊಳ್ಳುತ್ತಿತ್ತು. ಕೇಳುವವರೆಲ್ಲರದೂ ಒಂದೇ ಪ್ರಶ್ನೆ. ಇಂಥ ಗುಂಪಿನ ರಕ್ತ ಇದೆಯೇ, ಇದ್ದರೆ ಎಷ್ಟಿದೆ? ಸುತ್ತಲಿನ ನಲವತ್ತು ಹಳ್ಳಿಗಳಿಗೆ, ಏಳೆಂಟು ಸಣ್ಣ ಆಸ್ಪತ್ರೆಗಳಿಗೆ ಇದ್ದದ್ದು ಅದೊಂದೇ ರಕ್ತನಿಧಿ. ಅಲ್ಲಿ ಸಿಗಲಿಲ್ಲವೆಂದರೆ ಜಿಲ್ಲಾ ಕೇಂದ್ರಕ್ಕೆ ಓಡಬೇಕು, ಅದು ನೂರು ಕಿಲೋಮೀಟರ್ ದೂರ.

ಫೋನು ಎತ್ತುತ್ತಿದ್ದವರು ಮೌಲಾಸಾಬರು. ಅವರು ಅಲ್ಲಿಯ ಲ್ಯಾಬ್ ಟೆಕ್ನಿಷಿಯನ್. ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು, ಫ್ರಿಜ್ಜಿನಲ್ಲಿ ಜೋಡಿಸಿಡುವುದು ಅವರ ಮೂವತ್ತು ವರ್ಷದ ಕೆಲಸ. ಈಚೆಗೆ ಅದನ್ನೆಲ್ಲ ಬಿಟ್ಟು ಫೋನಿನಲ್ಲಿ ಇದೆ, ಇಲ್ಲ ಎಂದು ಹೇಳುವುದೇ ದೊಡ್ಡ ಕೆಲಸವಾಗಿಬಿಟ್ಟಿತ್ತು.

ಮುಂದಿನ ಕೋಣೆಯಲ್ಲಿ ನೀಲಾಂಬಿಕಾ ಕೂರುತ್ತಿದ್ದಳು. ಕಂಪ್ಯೂಟರಿನ ಕೆಲಸ ಅವಳದು. ಜಾಣೆ. ತಾನು ಜಾಣೆ ಎಂಬುದು ಅವಳಿಗೂ ಚೆನ್ನಾಗಿ ಗೊತ್ತಿತ್ತು. ಜಾಣರಿಗೆ ತೊಂದರೆ ಶುರುವಾಗುವುದೇ ಅಲ್ಲಿಂದ ನೋಡಿ.

ಮೌಲಾಸಾಬರ ಪಾಡು ಕಂಡು ಅವಳಿಗೆ ಮರುಕವಾಯಿತು. "ಕಾಕಾ, ನೀವು ಯಾಕ ಇಷ್ಟು ಬಾಯಿ ನೋಯಿಸ್ಕೋತೀರಿ? ನಾ ಒಂದು ಚಾರ್ಟ್ ಮಾಡಿ ನಮ್ಮ ವೆಬ್‌ಸೈಟಿನ್ಯಾಗ ಹಾಕ್ತೀನಿ. ಯಾವ ಗ್ರೂಪ್ ಎಷ್ಟು ಐತಿ ಅಂತ ಮಂದಿ ಮನ್ಯಾಗ ಕುಂತು ಮೊಬೈಲಿನ್ಯಾಗ ನೋಡ್ಲಿ" ಎಂದಳು.

"ಹಂಗಾದ್ರ ಪುಣ್ಯಾ ಬರ್ತೈತಿ ನಿನಗ" ಎಂದರು ಮೌಲಾಸಾಬರು.

ಮಾಹಿತಿ ಆಗಲೇ ಇತ್ತು. ರಕ್ತ ಈಗ ಚೀಲದಲ್ಲಿ ಬರುತ್ತದೆ, ಆದರೂ ಎಲ್ಲರೂ ಅದಕ್ಕೆ ಬಾಟಲಿ ಎಂದೇ ಅನ್ನುವುದು. ಯಾವ ಬಾಟಲಿ ಒಳಗೆ ಬಂತು, ಯಾವುದು ಹೊರಗೆ ಹೋಯಿತು ಎಂಬುದನ್ನು ಮೌಲಾಸಾಬರು ಆಗಿಂದಾಗ್ಗೆ ಕಂಪ್ಯೂಟರಿಗೆ ಸೇರಿಸುತ್ತಿದ್ದರು. ಅದೆಲ್ಲ ಡೇಟಾಬೇಸಿನಲ್ಲಿ ಕೂತಿತ್ತು. ಅದಕ್ಕೆ ಒಂದು ಪ್ರಶ್ನೆ ಹಾಕಬೇಕು, ಅದು ಕೊಟ್ಟ ಉತ್ತರವನ್ನು ಚಾರ್ಟಿಗೆ ಒಪ್ಪುವಂತೆ ಒಪ್ಪ ಮಾಡಿ ಕೊಡಬೇಕು. ಉಳಿದದ್ದನ್ನು ಚಾರ್ಟು ತಾನೇ ಬರೆದುಕೊಳ್ಳುತ್ತದೆ.

ನೀಲಾಂಬಿಕಾ ಪ್ರಶ್ನೆ ಬರೆದಳು. ಫ್ರಿಜ್ಜಿನಲ್ಲಿರುವ ಬಾಟಲಿಗಳನ್ನು ಗುಂಪುಗುಂಪಾಗಿ ಎಣಿಸಿ, ಗುಂಪಿನ ಹೆಸರಿನ ಕ್ರಮದಲ್ಲಿ ಕೊಡು. ಉತ್ತರ ಕ್ಷಣದಲ್ಲಿ ಬಂತು. ಎ ಪಾಸಿಟಿವ್‌ನಿಂದ ಹಿಡಿದು ಓ ನೆಗೆಟಿವ್‌ವರೆಗೆ ಎಂಟು ಸಾಲು. ಪ್ರತಿ ಸಾಲಿನಲ್ಲೂ ಒಂದು ಹೆಸರು, ಒಂದು ಸಂಖ್ಯೆ.

ಆದರೆ ಆ ಹೆಸರುಗಳು ಅವಳ ಕಣ್ಣಿಗೆ ಚೆಂದ ಕಾಣಲಿಲ್ಲ. ಇಂಗ್ಲಿಷಿನ ಒಂದಕ್ಷರ, ಪಕ್ಕದಲ್ಲಿ ಒಂದು ಚಿಹ್ನೆ. ಹಳ್ಳಿಯ ಜನ ನೋಡುವುದು, ಕನ್ನಡದಲ್ಲಿ ದಪ್ಪಗೆ ಇರಲಿ ಎಂದುಕೊಂಡಳು. ಒಳ್ಳೆಯ ಯೋಚನೆಯೇ, ಅದನ್ನು ಅಲ್ಲಗಳೆಯುವಂತಿಲ್ಲ. ಡೇಟಾಬೇಸು ಕೊಟ್ಟ ಹೆಸರುಗಳನ್ನು ಪಕ್ಕಕ್ಕೆ ಬಿಸಾಕಿ, ಎಂಟು ಗುಂಪುಗಳ ಹೆಸರನ್ನು ಅದೇ ಕ್ರಮದಲ್ಲಿ ಕನ್ನಡದಲ್ಲಿ ತಾನೇ ಬರೆದಳು. ಡೇಟಾಬೇಸಿನಿಂದ ಬರೀ ಸಂಖ್ಯೆಗಳನ್ನು ತೆಗೆದುಕೊಂಡಳು. ಮೊದಲ ಹೆಸರಿಗೆ ಮೊದಲ ಸಂಖ್ಯೆ, ಎರಡನೆಯದಕ್ಕೆ ಎರಡನೆಯದು. ಹೀಗೆ ಎಂಟಕ್ಕೆ ಎಂಟು ಕೂಡಿದವು. ಎಂಟು ಕೆಂಪು ಕಂಬಗಳು ತೆರೆಯ ಮೇಲೆ ಎದ್ದು ನಿಂತವು.

ಅದು ರಕ್ತದಾನ ಶಿಬಿರ ನಡೆದ ವಾರ. ಕಾಲೇಜು ಹುಡುಗರೆಲ್ಲ ಬಂದು ಕೊಟ್ಟು ಹೋಗಿದ್ದರು. ಫ್ರಿಜ್ಜು ಕಿಕ್ಕಿರಿದಿತ್ತು, ಎಂಟೂ ಗುಂಪು ತುಂಬಿತ್ತು. ಅಂಥ ದಿನ ಪರೀಕ್ಷೆ ಮಾಡಿದರೆ ಯಾವ ಚಾರ್ಟಾದರೂ ಪಾಸಾಗುತ್ತದೆ.

ಮೌಲಾಸಾಬರು ಕನ್ನಡಕ ಮೇಲೇರಿಸಿ ನೋಡಿದರು. ಸಂಖ್ಯೆಗಳೆಲ್ಲ ಸರಿಯಾಗಿದ್ದವು. ಖುಷಿಪಟ್ಟರು. ಆಮೇಲೆ ಒಂದು ಮಾತು ಕೇಳಿದರು.

"ನೀಲವ್ವಾ, ಒಂದು ಗ್ರೂಪ್ ಪೂರ್ತಿ ಖಾಲಿ ಆತಂದ್ರ ಇದು ಏನು ತೋರಸ್ತೈತಿ?"

"ಖಾಲಿ ತೋರಸ್ತೈತ್ರಿ ಕಾಕಾ. ಮತ್ತೇನು ತೋರಸ್ತೈತಿ?"

"ಮಾಡಿ ನೋಡಿಯೇನು?"

"ಅದರಾಗ ಮಾಡಿ ನೋಡೂದು ಏನೈತ್ರಿ?"

ಮೌಲಾಸಾಬರು ಕನ್ನಡಕ ಇಳಿಸಿ ಲ್ಯಾಬಿಗೆ ಹೊರಟರು. ಕಂಪ್ಯೂಟರು ಅವರ ವಿಷಯವಲ್ಲ. ಮರುದಿನವೇ ಚಾರ್ಟು ಎಲ್ಲರ ಮೊಬೈಲಿಗೆ ಹೋಯಿತು. ರಕ್ತನಿಧಿಯ ಕಾರ್ಯದರ್ಶಿಗಳು ಎಲ್ಲ ಆಸ್ಪತ್ರೆಗಳಿಗೂ ಲಿಂಕು ಕಳಿಸಿದರು. ಇನ್ನು ಮೇಲೆ ಫೋನು ಮಾಡುವ ಮೊದಲು ಇದನ್ನು ನೋಡಿ ಎಂದು ಬರೆದರು. ನೀಲಾಂಬಿಕಾಳಿಗೆ ಎಲ್ಲರೆದುರು ಶಾಲು ಹೊದಿಸಿದರು. ಫೋನು ಅರವತ್ತರಿಂದ ಹತ್ತಕ್ಕಿಳಿಯಿತು. ಕಣ್ಣಿಗೆ ಕಂಡ ಮೇಲೆ ಮತ್ತೆ ಫೋನು ಮಾಡಿ ಯಾರು ಕೇಳುತ್ತಾರೆ?

ಮೂರು ವಾರ ಎಲ್ಲ ಸುಗಮವಾಗಿ ನಡೆಯಿತು.

ನಾಲ್ಕನೆಯ ವಾರದ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಎಬಿ ನೆಗೆಟಿವ್‌ನ ಕೊನೆಯ ಬಾಟಲಿ ಹೊರಗೆ ಹೋಯಿತು. ಅದು ಅಪರೂಪದ ಗುಂಪು. ಇರುವುದೇ ಒಂದೋ ಎರಡೋ. ಖಾಲಿಯಾಗುವುದು ಹೊಸದೇನಲ್ಲ. ಮೌಲಾಸಾಬರು ಎಂದಿನಂತೆ ಕಂಪ್ಯೂಟರಿನಲ್ಲಿ ಗುರುತು ಹಾಕಿ ಲ್ಯಾಬಿಗೆ ಹೋದರು.

ಸಂಜೆ ನಾಲ್ಕಕ್ಕೆ ಒಂದು ಆಸ್ಪತ್ರೆಯಿಂದ ಫೋನು ಬಂತು.

"ಬಿ ನೆಗೆಟಿವ್ ಐದು ಬಾಟ್ಲಿ ಬೇಕಾಗಿತ್ರಿ. ಮಂದಿ ಕಳಸ್ಲೇನ್ರಿ?"

"ಐದು ಇಲ್ರಿ ಸರ, ಮೂರೇ ಅದಾವ" ಎಂದರು ಮೌಲಾಸಾಬರು.

"ನಿಮ್ಮ ಚಾರ್ಟಿನ್ಯಾಗ ಮೂವತ್ತೊಂದು ಅಂತ ಐತಲ್ರಿ!"

ಮೌಲಾಸಾಬರು ಫೋನಿಟ್ಟು ನೇರ ಮುಂದಿನ ಕೋಣೆಗೆ ಬಂದರು. "ನೀಲವ್ವಾ, ಬಿ ನೆಗೆಟಿವ್ ಮೂವತ್ತೊಂದು ಬಾಟ್ಲಿ ಒಟ್ಟಿಗೆ ನಾ ನನ್ನ ನೌಕರಿಯಾಗ ಕಂಡಿಲ್ಲವ್ವಾ. ಎಲ್ಲಿ ಇಟ್ಟಿ ಹೇಳು, ಕಣ್ಣು ತುಂಬಾ ನೋಡಿ ಬರ್ತೀನಿ."

ನೀಲಾಂಬಿಕಾಳಿಗೆ ನಗು ಬರಲಿಲ್ಲ, ಸಿಟ್ಟು ಬಂತು. "ಡೇಟಾಬೇಸ್ ಸುಳ್ಳು ಹೇಳಂಗಿಲ್ರಿ ಕಾಕಾ. ನೀವ ಎಣಿಸೂದ್ರಾಗ ತಪ್ಪಿರ್ತೀರಿ."

ಪಾಪ, ಮೌಲಾಸಾಬರು ಮತ್ತೆ ಹೋಗಿ ಫ್ರಿಜ್ಜು ತೆರೆದು, ಒಂದೊಂದೇ ಮುಟ್ಟಿ ಎಣಿಸಿ, ಚೀಟಿಯಲ್ಲಿ ಬರೆದು ತಂದರು. ಎ ಪಾಸಿಟಿವ್ ಹದಿನೆಂಟು. ಎ ನೆಗೆಟಿವ್ ನಾಲ್ಕು. ಎಬಿ ಪಾಸಿಟಿವ್ ಏಳು. ಎಬಿ ನೆಗೆಟಿವ್ ಇಲ್ಲ. ಬಿ ಪಾಸಿಟಿವ್ ಇಪ್ಪತ್ತಾರು. ಬಿ ನೆಗೆಟಿವ್ ಮೂರು. ಓ ಪಾಸಿಟಿವ್ ಮೂವತ್ತೊಂದು. ಓ ನೆಗೆಟಿವ್ ಎರಡು.

ನೀಲಾಂಬಿಕಾ ಚೀಟಿಯನ್ನು ತೆರೆಯ ಪಕ್ಕ ಹಿಡಿದು ನೋಡಿದಳು. ಮೊದಲ ಮೂರು ಗುಂಪು ಸರಿಯಾಗಿದ್ದವು. ನಾಲ್ಕನೆಯದರಿಂದ ಎಲ್ಲ ಅಡ್ಡಾದಿಡ್ಡಿ. ಎಬಿ ನೆಗೆಟಿವ್ ಇಪ್ಪತ್ತಾರು ಎಂದು ಚಾರ್ಟು ತೋರಿಸುತ್ತಿತ್ತು. ಬಿ ಪಾಸಿಟಿವ್ ಮೂರು. ಬಿ ನೆಗೆಟಿವ್ ಮೂವತ್ತೊಂದು. ಓ ಪಾಸಿಟಿವ್ ಎರಡು. ಕೊನೆಯ ಓ ನೆಗೆಟಿವ್ ಮೇಲೆ ಕಂಬವೇ ಇರಲಿಲ್ಲ.

ಡೇಟಾಬೇಸಿಗೆ ಮತ್ತೆ ಅದೇ ಪ್ರಶ್ನೆ ಹಾಕಿದಳು. ಉತ್ತರದ ಸಾಲುಗಳನ್ನು ಬೆರಳಿಟ್ಟು ಎಣಿಸಿದಳು. ಏಳು. ಇನ್ನೊಮ್ಮೆ ಎಣಿಸಿದಳು. ಏಳೇ.

ಡೇಟಾಬೇಸು ಸುಳ್ಳು ಹೇಳಿರಲಿಲ್ಲ. ಇದ್ದುದನ್ನು ಎಣಿಸು ಎಂದು ಅವಳು ಕೇಳಿದ್ದಳು, ಇದ್ದುದನ್ನು ಅದು ಎಣಿಸಿ ಕೊಟ್ಟಿತ್ತು. ಎಬಿ ನೆಗೆಟಿವ್ ಒಂದೂ ಇರಲಿಲ್ಲ, ಹಾಗಾಗಿ ಅದರ ಸಾಲೇ ಬರಲಿಲ್ಲ. ಸೊನ್ನೆ ಎಂದು ಕೂಡ ಬರಲಿಲ್ಲ. ಇವಳು ಬರೆದಿಟ್ಟ ಹೆಸರು ಎಂಟು, ಬಂದ ಸಂಖ್ಯೆ ಏಳು. ನಾಲ್ಕನೆಯ ಹೆಸರಿಗೆ ಐದನೆಯದರ ಸಂಖ್ಯೆ ಬಂದು ಅಂಟಿಕೊಂಡಿತು. ಅಲ್ಲಿಂದಾಚೆಗೆ ಎಲ್ಲವೂ ಒಂದೊಂದು ಮನೆ ಹಿಂದಕ್ಕೆ ಸರಿದವು. ಕೊನೆಯ ಹೆಸರಿಗೆ ಏನೂ ಉಳಿಯಲಿಲ್ಲ.

ಹೆಸರನ್ನೂ ಸಂಖ್ಯೆಯನ್ನೂ ಬೇರೆ ಮಾಡಿದವಳು ಅವಳೇ. ಅದೂ ಯಾತಕ್ಕೆ? ಚೆಂದ ಕಾಣಲಿ ಅಂತ.

ಸರಿಪಡಿಸಲು ಕಾಲು ಗಂಟೆಯೂ ಹಿಡಿಯಲಿಲ್ಲ. ಮೊದಲು ಎಂಟು ಗುಂಪುಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಅದರದೇ ಎಣಿಕೆಯನ್ನು ಹುಡುಕಿ ಜೋಡಿಸುವಂತೆ ಪ್ರಶ್ನೆಯನ್ನು ತಿರುಗಿ ಬರೆದಳು. ಹೆಸರು ಮತ್ತು ಸಂಖ್ಯೆ ಒಂದೇ ಸಾಲಿನಲ್ಲಿ ಬಂದು ಒಂದೇ ಸಾಲಿನಲ್ಲಿ ಚಾರ್ಟಿಗೆ ಹೋಗುವಂತೆ ಮಾಡಿದಳು. ಎಣಿಕೆ ಸಿಗದ ಗುಂಪಿನ ಮೇಲೆ ಕಂಬದ ಬದಲು "ಇಲ್ಲ" ಎಂಬ ಎರಡಕ್ಷರ. ಈ ಸಲ ಲೆಕ್ಕದ ನಕಲೊಂದರಲ್ಲಿ ಬೇಕೆಂದೇ ಒಂದೊಂದು ಗುಂಪನ್ನೂ ಖಾಲಿ ಮಾಡಿ ಮಾಡಿ ನೋಡಿದಳು. ಎಂಟು ಸಲವೂ ಸರಿ ಬಂತು.

"ಆತ್ರಿ ಕಾಕಾ" ಎಂದಳು. "ಬೆಳಿಗ್ಗಿ ಒಂಬತ್ತರಿಂದ ನಾಲ್ಕರ ತನಕ ಅಷ್ಟ ತಪ್ಪಿತ್ತು. ಏಳು ತಾಸು. ಏನೂ ಆಗಿಲ್ಲ ಬಿಡ್ರಿ."

"ಏನೂ ಆಗಿಲ್ಲ ಅಂತ ನಿನಗ ಯಾರು ಹೇಳ್ಯಾರ?"

"ಯಾರೂ ಬಂದು ಕೇಳಿಲ್ಲಲ್ರಿ?"

"ಯಾರೂ ಕೇಳಿಲ್ಲ ಅನ್ನೂದು ಬ್ಯಾರೆ, ಏನೂ ಆಗಿಲ್ಲ ಅನ್ನೂದು ಬ್ಯಾರೆ ಅವ್ವಾ" ಎಂದರು ಮೌಲಾಸಾಬರು. "ಕಾರ್ಯದರ್ಶಿ ಸಾಹೇಬ್ರಿಗೆ ಹೇಳು. ಚಾರ್ಟಿನ ಕೆಳಗ ಎರಡು ಸಾಲು ಬರದು ಹಾಕು. ಇಂಥಾ ದಿವಸ ಇಷ್ಟೊತ್ತು ತಪ್ಪಿತ್ತು, ಯಾರಿಗಾದ್ರೂ ತ್ರಾಸಾಗಿದ್ರ ಹೇಳ್ರಿ ಅಂತ."

"ಬರೀತೀನ್ರಿ" ಎಂದಳು.

ಬರೆಯಲಿಲ್ಲ. ಆ ಏಳು ತಾಸಿನಲ್ಲಿ ಎಷ್ಟು ಜನ ಚಾರ್ಟು ತೆರೆದಿದ್ದರೆಂದು ನೋಡಿದಳು, ಅಷ್ಟೇ. ಅರವತ್ಮೂರು. ಅವರು ಯಾರು, ಯಾವ ಗುಂಪು ಹುಡುಕುತ್ತಿದ್ದರು, ನೋಡಿ ಏನು ಮಾಡಿದರು ಎಂದು ಅಲ್ಲಿ ಬರೆದಿರಲಿಲ್ಲ. ತೆರೆಯ ಮೇಲಿನ ಆ ಪುಟವನ್ನು ಮುಚ್ಚಿಬಿಟ್ಟಳು. ಶಾಲು ಹೊದಿಸಿ ಇನ್ನೂ ತಿಂಗಳಾಗಿರಲಿಲ್ಲ, ಈಗ ಹೋಗಿ ನಾನು ತಪ್ಪಿದೆ ಅನ್ನುವುದು ಹೇಗೆ? ನಾಳೆ ಹೇಳೋಣ ಎಂದುಕೊಂಡಳು. ನಾಳೆ ನಾಡಿದ್ದಾಯಿತು. ಒಂದು ವಾರವಾದರೂ ಯಾರೂ ಬಂದು ಕೇಳಲಿಲ್ಲ. ಅವಳ ಮನಸ್ಸು ಹಗುರವಾಯಿತು. ಮೌಲಾಸಾಬರು ಎರಡು ಸಲ ನೆನಪಿಸಿದರು, ಮೂರನೆಯ ಸಲ ನೆನಪಿಸಲಿಲ್ಲ. ಬರೀ ಮುಖ ನೋಡಿ ಹೋದರು.

ಹದಿಮೂರು ದಿನಗಳಾದ ಮೇಲೆ ಒಂದು ಸೋಮವಾರ ಮಧ್ಯಾಹ್ನ ಇಬ್ಬರು ಗಂಡಸರು ಬಂದರು. ಅಣ್ಣ ತಮ್ಮ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಕೌಂಟರಿನವರು ಊಟಕ್ಕೆ ಹೋಗಿದ್ದರು, ನೀಲಾಂಬಿಕಾಳೇ ಎದ್ದು ಬಂದಳು.

"ರಕ್ತ ಬೇಕಾಗಿತ್ತೇನ್ರಿ?"

"ಅಲ್ರಿ ಅಕ್ಕಾರ, ಕೊಡಾಕ ಬಂದೀವ್ರಿ" ಎಂದ ದೊಡ್ಡವನು. ಅವನ ಹೆಸರು ದುರಗಪ್ಪ. ಹದಿನೆಂಟು ಕಿಲೋಮೀಟರ್ ಆಚೆಯ ಹೋಬಳಿ ಊರಿನಲ್ಲಿ ಮದುವೆ ಮುಂಜಿಗಳಿಗೆ ಶಾಮಿಯಾನ ಹಾಕಿ, ಊಟದ ಪಂಕ್ತಿಯ ವ್ಯವಸ್ಥೆ ಮಾಡಿಕೊಡುವವನು ಎಂದು ತಾನೇ ಹೇಳಿಕೊಂಡ. "ಇಂವ ನನ್ನ ತಮ್ಮ, ಭೀಮಪ್ಪ ಅಂತ. ಇವಂದು ಓ ನೆಗೆಟಿವ್ ಐತ್ರಿ."

ನೀಲಾಂಬಿಕಾಳಿಗೆ ಸಂತೋಷವಾಯಿತು. ಓ ನೆಗೆಟಿವ್ ಕೊಡುವವರು ತಾವಾಗಿ ಮನೆ ಬಾಗಿಲಿಗೆ ಬರುವುದು ದೊಡ್ಡ ಮಾತು. ಅರ್ಜಿಯ ಹಾಳೆ ತೆಗೆದಳು. "ಭಾಳ ಚಲೋ ಆತ್ರಿ. ಯಾರು ಹೇಳಿ ಕಳಿಸಿದ್ರು?"

"ಯಾರೂ ಹೇಳಿಲ್ರಿ" ಎಂದು ದುರಗಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ನನ್ನ ಹೆಂಡ್ತಿಗೆ ಎಂಟು ತಿಂಗಳಾಗಿತ್ರಿ. ಒಮ್ಮೆಲೆ ರಕ್ತ ಹೋಗಾಕ ಹತ್ತಿತು. ನಮ್ಮೂರ ದವಾಖಾನಿಗೆ ಒಯ್ದೆ. ಆಪರೇಷನ್ ಆಗಬೇಕು, ಓ ನೆಗೆಟಿವ್ ಎರಡು ಬಾಟ್ಲಿ ತರದ ಹೊರತು ಕೈ ಹಚ್ಚಂಗಿಲ್ಲ ಅಂದ್ರು ಡಾಕ್ಟರು. ಸಿಸ್ಟರ್ ನಿಮ್ಮ ಚಾರ್ಟ್ ತಗದು ತೋರಿಸಿದ್ರು. ಎಲ್ಲಾ ಗ್ರೂಪ್ ಅದಾವ, ಓ ನೆಗೆಟಿವ್ ಒಂದ ಖಾಲಿ ಐತಿ. ನಮ್ಮ ದೈವ ಅನ್ಕೊಂಡು ಜಿಲ್ಲಾಕ್ಕ ಗಾಡಿ ಹೊಡದೆ. ಇಂವ ಆ ಹೊತ್ತಿಗೆ ಗೋವಾದಾಗ ದುಡ್ಯಾಕ ಹೋಗಿದ್ದ. ಇಲ್ಲೇ ಇದ್ದಿದ್ರ ಇವಂದ ಕೊಡಸ್ತಿದ್ದೆ."

ನೀಲಾಂಬಿಕಾಳ ಪೆನ್ನು ನಿಂತಿತು. "ಯಾವತ್ತು ಅದು?"

"ಹೋದ ವಾರ ಅಲ್ಲ, ಅದರ ಹಿಂದಿನ ಮಂಗಳವಾರ್ರಿ. ಹನ್ನೊಂದಕ್ಕ ಹೊಂಟೆ, ತಿರುಗಿ ಬರೂತನಾ ನಾಲ್ಕೂವರಿ ಆಗಿತ್ತು." ಅವನು ಕೈಯಲ್ಲಿದ್ದ ಟೋಪಿ ನೋಡಿದ. "ಅಕೀ ಉಳದಳ್ರಿ. ಕೂಸು ಉಳೀಲಿಲ್ಲ. ಗಂಡು ಕೂಸಿತ್ರಿ. ಒಂದು ತಾಸು ಮೊದಲ ಆಗಿದ್ರ ಅಂತಂದ್ರು ಡಾಕ್ಟರು. ಯಾರಿಗೇನು ಅನ್ನೂದ್ರಿ? ನಿಮ್ಮಲ್ಲಿ ಇರಲಿಲ್ಲ, ಇಲ್ಲಾದ್ದನ್ನ ನೀವರ ಎಲ್ಲಿಂದ ಕೊಡ್ತೀರಿ? ಮತ್ತೊಬ್ಬರು ಬಂದು ಆ ಖಾಲಿ ಜಾಗಾ ನೋಡಬಾರದು ಅಂತ ಇವನ್ನ ಕರಕೊಂಡು ಬಂದೀನಿ."

ಹೀಗೆ ಹೇಳಿ ಅವನು ಕೈ ಮುಗಿದ. ರಕ್ತನಿಧಿಗೆ ಕೈ ಮುಗಿದ.

ನೀಲಾಂಬಿಕಾಳಿಗೆ ಎದುರಿದ್ದ ಅರ್ಜಿ ಕಾಣಲಿಲ್ಲ. ಲ್ಯಾಬಿನ ಬಾಗಿಲಲ್ಲಿ ಮೌಲಾಸಾಬರು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಈಗ ಮಾತಾಡಬೇಕಾದವಳು ಅವಳು.

ಸುಮ್ಮನಿದ್ದುಬಿಡಬಹುದಿತ್ತು. ಅರ್ಜಿ ತುಂಬಿಸಿ, ತಮ್ಮನ ರಕ್ತ ತೆಗೆದು, ಬಿಸ್ಕಿಟು ಕೊಟ್ಟು ಕಳಿಸಿದ್ದರೆ ದುರಗಪ್ಪನಿಗೆ ಜನ್ಮದಲ್ಲಿ ತಿಳಿಯುತ್ತಿರಲಿಲ್ಲ. ಅವನು ದೈವವನ್ನು ಬೈದುಕೊಂಡು, ರಕ್ತನಿಧಿಯನ್ನು ಹೊಗಳಿಕೊಂಡು ಬದುಕುತ್ತಿದ್ದ. ಹೇಳುವುದರಿಂದ ಕೂಸು ತಿರುಗಿ ಬರುವುದಿಲ್ಲ ಎಂದೂ ಅವಳ ಮನಸ್ಸು ಹೇಳಿತು. ಮನಸ್ಸು ಇಂಥ ಹೊತ್ತಿನಲ್ಲಿ ಬಲು ವಿವೇಕದ ಮಾತಾಡುತ್ತದೆ.

ಅವಳು ಪೆನ್ನು ಕೆಳಗಿಟ್ಟಳು.

"ಅಣ್ಣಾರ, ಕುಂದರ್ರಿ. ನಾ ಒಂದು ಮಾತು ಹೇಳಬೇಕು."

ದುರಗಪ್ಪ ಕೂತ. ತಮ್ಮ ನಿಂತೇ ಇದ್ದ.

"ಆ ಚಾರ್ಟ್ ಮಾಡಿದಾಕಿ ನಾನ. ಹೆಂಗಂದ್ರ, ಊಟದ ಪಂಕ್ತಿ ಅಂತ ತಿಳೀರಿ. ನಾ ಎಂಟು ಎಲಿ ಹಾಕಿ, ಎಲಿಗೊಂದು ಹೆಸರು ಬರದಿಟ್ಟಿದ್ದೆ. ಅವತ್ತು ಊಟಕ್ಕ ಬಂದವರು ಏಳ ಮಂದಿ. ನಾಲ್ಕನೇದಾಂವ ಬರಲಿಲ್ಲ. ನೀವಾಗಿದ್ರ ಏನು ಮಾಡ್ತಿದ್ರಿ?"

"ಅವನ ಎಲಿ ಖಾಲಿ ಬಿಟ್ಟು ಮುಂದಿನ ಎಲಿಗೆ ಬಡಸ್ತಿದ್ದೆ" ಎಂದ ದುರಗಪ್ಪ. ಇದನ್ನೇಕೆ ಕೇಳುತ್ತಾಳೆಂದು ಅವನಿಗೆ ತಿಳಿಯಲಿಲ್ಲ.

"ನಾ ಹಂಗ ಬಿಡಲಿಲ್ರಿ. ಐದನೇದಾಂವನ್ನ ತಂದು ನಾಲ್ಕನೇ ಎಲಿಗೆ ಕುಂದರಿಸಿದೆ. ಆರನೇದಾಂವನ್ನ ಐದಕ್ಕ. ಎಲ್ಲಾರೂ ಒಂದೊಂದು ಎಲಿ ಹಿಂದ ಸರದ್ರು. ಕೊನೀ ಎಲಿ ಖಾಲಿ ಉಳೀತು. ಆ ಎಲಿ ಮ್ಯಾಲೆ ಓ ನೆಗೆಟಿವ್ ಅಂತ ಬರದಿತ್ತು." ಅವಳು ಲ್ಯಾಬಿನ ಫ್ರಿಜ್ಜಿನ ಕಡೆ ಕೈ ತೋರಿಸಿದಳು. "ರಕ್ತ ಇತ್ರಿ ಅಣ್ಣಾರ. ಓ ನೆಗೆಟಿವ್ ಇತ್ತು. ಅವತ್ತು ಇಡೀ ದಿನ ಈ ಫ್ರಿಜ್ಜಿನ್ಯಾಗ ಎರಡು ಬಾಟ್ಲಿ ಇದ್ದು."

"ಎರಡು?" ಎಂದು ಕೇಳಿದ ದುರಗಪ್ಪ.

"ಎರಡ್ರಿ."

"ನಮಗೂ ಎರಡ ಬೇಕಾಗಿತ್ರಿ."

ನೀಲಾಂಬಿಕಾ ತಲೆ ತಗ್ಗಿಸಿದಳು. ಅವಳ ಕಣ್ಣೀರು ಅರ್ಜಿಯ ಹಾಳೆಯ ಮೇಲೆ ಬಿತ್ತು. ತಮ್ಮ ಭೀಮಪ್ಪ ಮುಂದೆ ಬಂದು ಅಣ್ಣನ ರೆಟ್ಟೆ ಹಿಡಿದ. "ಏನು ಕೇಳಕೋಂತ ಕುಂತಿ ಅಣ್ಣಾ? ಏಳು. ಇವರಿಗೆ ರಕ್ತಾ ಬ್ಯಾರೆ ಕೊಡಬೇಕೇನು? ನಡಿ ಮನಿಗೆ."

ದುರಗಪ್ಪ ಏಳಲಿಲ್ಲ. ಟೋಪಿಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ಈಗ ಸರಿ ಆಗೇತೇನ್ರಿ ಅದು?" ಎಂದು ಕೊನೆಗೆ ಕೇಳಿದ.

"ಆಗೇತ್ರಿ."

"ತೋರಸ್ರಿ."

ಅವಳು ಅವನನ್ನು ಕಂಪ್ಯೂಟರಿನ ಮುಂದೆ ಕರೆದೊಯ್ದಳು. ದುರಗಪ್ಪ ತೆರೆಗೆ ಬೆರಳು ತಾಗಿಸಿ ಒಂದೊಂದೇ ಹೆಸರು ಓದಿದ, ಎಲೆ ಎಣಿಸುವವರ ಹಾಗೆ. ಎಂಟು ಇದ್ದವು. ನಾಲ್ಕನೆಯದರ ಮೇಲೆ ಅವನ ಬೆರಳು ನಿಂತಿತು. ಎಬಿ ನೆಗೆಟಿವ್, ಇಲ್ಲ.

"ಇದು ಖರೇನ ಇಲ್ಲೇನ್ರಿ?"

ಹದಿನಾಲ್ಕು ದಿನದ ಹಿಂದೆ ಈ ಮಾತು ಕೇಳಿದ್ದರೆ ನೀಲಾಂಬಿಕಾ ಕೂತಲ್ಲಿಂದಲೇ ಉತ್ತರ ಕೊಡುತ್ತಿದ್ದಳು. ಈಗ ಅವಳು ಎದ್ದಳು. ಲ್ಯಾಬಿಗೆ ಹೋದಳು. ಮೌಲಾಸಾಬರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಫ್ರಿಜ್ಜಿನ ಬಾಗಿಲು ತೆರೆದು ಎಂಟೂ ಖಾನೆಗಳನ್ನು ಹೊರಗೆಳೆದು ಎಣಿಸಿ ನೋಡಿ, ಬಾಗಿಲು ಹಾಕಿ, ತಿರುಗಿ ಬಂದಳು.

"ಖರೇನ ಇಲ್ರಿ. ಕಣ್ಣಾರೆ ನೋಡಿ ಬಂದೆ. ಉಳದ ಏಳೂ ಎಣಿಸಿದೆ, ಚಾರ್ಟಿನ್ಯಾಗ ಇದ್ದಂಗ ಅದಾವ."

ದುರಗಪ್ಪ ತಲೆಯಾಡಿಸಿದ. ಅವಳ ಮುಖ ನೋಡಲಿಲ್ಲ.

"ಅಕ್ಕಾರ, ನಾ ನಿಮಗ ಏನೂ ಅನ್ನಂಗಿಲ್ಲ. ದೊಡ್ಡ ಮನಸು ಅಂತ ತಿಳಕೋಬ್ಯಾಡ್ರಿ. ಇವತ್ತು ನನ್ನ ಕೈಲೆ ಆಗಂಗಿಲ್ಲ, ಅಷ್ಟ. ನಮ್ಮಂಗ ಮತ್ತ ಯಾರ್‍ಯಾರು ಅವತ್ತು ಇದನ್ನ ನೋಡಿ ತಿರುಗಿ ಹೋದರೋ, ಅವರನ್ನ ಹುಡುಕ್ರಿ. ಅವರಿಗೂ ಹಿಂಗ ಹೇಳ್ರಿ."

ಆಮೇಲೆ ತಮ್ಮನ ಕಡೆ ತಿರುಗಿದ.

"ಒಳಗ ಹೋಗು. ಮಲಕೋ."

"ಅಣ್ಣಾ..."

"ಕೂಸಿನ ಹೆಸರಿಲೇ ಕೊಡಾಕ ಬಂದೀವಿ. ಇವರ ಹೆಸರಿಲೇ ಅಲ್ಲ. ಹೋಗು."

ಭೀಮಪ್ಪ ಒಳಗೆ ಹೋಗಿ ಮಲಗಿದ. ಮೌಲಾಸಾಬರು ಅವನ ತೋಳಿಗೆ ಪಟ್ಟಿ ಬಿಗಿದರು.

ಅಣ್ಣ ತಮ್ಮ ಹೋದ ಮೇಲೆ ನೀಲಾಂಬಿಕಾ ಕಾರ್ಯದರ್ಶಿಗಳ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಅವರು ಅವಳನ್ನು ಬೈದರು, ಅದು ನ್ಯಾಯವೇ. ಸಂಜೆಯೊಳಗೆ ಚಾರ್ಟಿನ ಮೇಲ್ಗಡೆ ದಪ್ಪ ಅಕ್ಷರದಲ್ಲಿ ಐದು ಸಾಲು ಬರೆದು ಹಾಕಿದಳು. ಇಂಥ ದಿನ ಒಂಬತ್ತರಿಂದ ನಾಲ್ಕರವರೆಗೆ ಇದು ತಪ್ಪಾಗಿತ್ತು, ತಪ್ಪು ನನ್ನದು, ಇದನ್ನು ನಂಬಿ ಬೇರೆ ಕಡೆ ಓಡಿದವರು ದಯವಿಟ್ಟು ನನಗೆ ತಿಳಿಸಿ, ಇದು ನನ್ನ ಫೋನ್ ನಂಬರು.

ಏಳು ಆಸ್ಪತ್ರೆಗಳಿಗೆ ಅವಳೇ ಫೋನು ಮಾಡಿ ಕೇಳಿದಳು. ಆ ವಾರದಲ್ಲಿ ಮೂರು ಹೆಸರು ಸಿಕ್ಕವು. ಒಬ್ಬ ಮುದುಕಿಯ ಆಪರೇಷನ್ನು ಎರಡು ದಿನ ಮುಂದೆ ಹೋಗಿತ್ತು. ಒಬ್ಬ ಲಾರಿ ಡ್ರೈವರನ್ನು ಬೇರೆ ಊರಿಗೆ ಸಾಗಿಸಿದ್ದರು. ಒಬ್ಬ ಹುಡುಗಿಗೆ ರಕ್ತ ಕೊಡಲು ಗೆಳತಿಯೊಬ್ಬಳು ಸಮಯಕ್ಕೆ ಸಿಕ್ಕಿದ್ದಳು. ಮೂವರೂ ದೂರು ಹೇಳಿರಲಿಲ್ಲ. ರಕ್ತ ಇರಲಿಲ್ಲ, ಯಾರೇನು ಮಾಡಲಾದೀತು ಎಂದು ಮೂವರ ಮನೆಯವರೂ ಸುಮ್ಮನಿದ್ದರು. ನೀಲಾಂಬಿಕಾ ಮೂರು ಮನೆಗೂ ಹೋಗಿ, ರಕ್ತ ಇತ್ತು ಎಂದು ಹೇಳಿ ಬಂದಳು.

ನೀತಿ: ಬಾರದೇ ಉಳಿದದ್ದಕ್ಕೂ ಅದರ ಜಾಗ ಬಿಡಬೇಕು. ಅಂದ ಕಾಣಲೆಂದು ಖಾಲಿಯನ್ನು ಮುಚ್ಚಿ ಮುಂದಿನದನ್ನು ಎಳೆದು ಕೂರಿಸಿದರೆ, ಕೊನೆಯಲ್ಲಿ ಯಾರದೋ ಪಾಲು ತಪ್ಪುತ್ತದೆ. ಯಾರೂ ದೂರು ಹೇಳಲಿಲ್ಲವೆಂದರೆ ಯಾರಿಗೂ ನೋವಾಗಿಲ್ಲ ಎಂದು ಅರ್ಥವಲ್ಲ. ಎದ್ದು ಹೋಗಿ ಕೇಳುವ ತನಕ ನಮಗೆ ಗೊತ್ತಿಲ್ಲ, ಅಷ್ಟೇ.